ಕೀತ್ಲಿಯಲ್ಲಿ ಇವತ್ತು ಮಳೆಯಂತೆ

ಮೊನ್ನೆ ಶುಕ್ರವಾರ ಇಲ್ಲಿ ಕುವೈತಿನ ಫಹಾಹೀಲ್‌ನ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಸಾಸ್ ಬಾಟಲಿ ನನ್ನನ್ನು ಹೆದರಿಸಿತು. ನಗಬೇಡಿ. ಹಲ್ಲಿಗೆ ಹೆದರುವವರಿದ್ದಾರೆ, ಲಿಫ್ಟಿಗೆ ಹೆದರುವವರಿದ್ದಾರೆ. ನಾನು ಇಂಗ್ಲೆಂಡಿನ ಊರುಗಳ ಹೆಸರಿಗೆ ಹೆದರುತ್ತೇನೆ. ಪ್ಲಸ್ ಟೂ ಓದುವ ನನ್ನ ಮಗಳು ನೂಡಲ್ಸಿಗೆಂದು ಆ ಕಪ್ಪು ಸಾಸಿನ ಬಾಟಲಿ ಎತ್ತಿಕೊಂಡು, ಲೇಬಲ್ಲಿನ ಮೇಲಿನ ಅಕ್ಷರಗಳನ್ನು ಒಂದೂ ಬಿಡದೆ ಓದಿದಳು: "ವೊರ್ಸೆಸ್ಟರ್‌ಶೈರ್." ನನ್ನ ಬಾಯಿ ಸುಮ್ಮನಿರಬೇಕಲ್ಲ. "ಹಂಗಲ್ಲವ್ವ, ಅದು ವೂಸ್ಟರ್. ಇಂಗ್ಲೆಂಡಿನಾಗ ಒಂದು ಊರು. ಹಿಂದ ಅಲ್ಲಿ ರೋಮನ್ನರ ಕ್ವಾಟಿ ಇತ್ತಂತ" ಅಂದುಬಿಟ್ಟೆ. ಅವಳು ಹುಬ್ಬೇರಿಸಿ, "ಹೌ ಡು ಯೂ ನೋ ಆಲ್ ದಿಸ್, ಅಮ್ಮಾ?" ಎಂದಳು. "ಯಾರೋ ಹೇಳಿದ್ರು" ಎಂದು ಟ್ರಾಲಿ ತಳ್ಳಿಕೊಂಡು ಈರುಳ್ಳಿಯ ಕಡೆ ಹೋದೆ.

ಯಾರೋ ಅಲ್ಲ, ಸೆವ್ರಿನ್ ಆಂಟಿ. ನಿಮ್ಮ ಮುಂದೆ ಮುಚ್ಚಿಡುವುದೇನು, ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಒಂದು ಊರಿಗೆ ಹೋಗಿ, ಅಲ್ಲಿರುವ ಒಬ್ಬಳನ್ನು ಕಣ್ಣಾರೆ ನೋಡಿ, ಹೇಗಿದ್ದಾಳೆಂದು ತಿಳಿಸುತ್ತೇನೆ ಎಂದು ನಾನು ಸೆವ್ರಿನ್ ಆಂಟಿಗೆ ಮಾತು ಕೊಟ್ಟಿದ್ದೆ. ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಕೇಳಿದಾಗ ಸುಳ್ಳು ಹೇಳಿದೆ. ಇದಾಗಿ ಎಂಟು ವರ್ಷ. ಆಂಟಿಗೆ ನಿಜ ಹೇಳಬೇಕೆಂದು ಫೋನ್ ಎತ್ತಿಕೊಂಡು ಇಟ್ಟದ್ದಕ್ಕೆ ಲೆಕ್ಕವಿಲ್ಲ. ಅಂಜುಬುರುಕಿ ಎಂದರೆ ಅಂಜುಬುರುಕಿಯೇ, ಏನು ಮಾಡಲಿ.

ಆಗ ನಾವು ಅಬು ಹಲೀಫಾದ ಹಳೆಯ ಬಿಲ್ಡಿಂಗ್ ಒಂದರ ಎರಡನೇ ಮಹಡಿಯಲ್ಲಿದ್ದೆವು. ನಾನು ಜಾಬ್ರಿಯಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸ್. ನಮ್ಮ ಮನೆಯವರು ಆಯಿಲ್ ಕಂಪನಿಗಳಿಗೆ ಗುತ್ತಿಗೆ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ವೆಲ್ಡಿಂಗ್ ಫೋರ್‌ಮನ್. ಇಬ್ಬರೂ ಕುಂದಗೋಳದ ಕಡೆಯವರು. ಆ ವರ್ಷ ಅವರ ಸಂಸ್ಥೆಯ ಫೈಲನ್ನು ಸರ್ಕಾರ ಬ್ಲಾಕ್ ಮಾಡಿತು. ಫೈಲ್ ಬ್ಲಾಕ್ ಆದರೆ ಅಲ್ಲಿ ದುಡಿಯುವವರ ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಮುಂದುವರಿಯುವುದಿಲ್ಲ. ಬೇರೆ ಕಡೆ ಸೇರಲೂ ಆಗುವುದಿಲ್ಲ. ಅವರ ಇಕಾಮಾ ಮುಗಿಯಿತು. ಅವರ ಹೆಸರಿನ ಮೇಲಿದ್ದ ಒಂಬತ್ತು ವರ್ಷದ ಮಗಳದ್ದೂ ಮುಗಿಯಿತು. ನನ್ನದೊಂದು ಮಾತ್ರ ಊರ್ಜಿತವಾಗಿತ್ತು. ಇಕಾಮಾ ಇಲ್ಲದವರು ಚೆಕ್ಕಿಂಗ್‌ನಲ್ಲಿ ಸಿಕ್ಕಿದರೆ ಜೀಪು ಹತ್ತಿಸಿ, ಕೆಲವೇ ದಿನದಲ್ಲಿ ವಿಮಾನ ಹತ್ತಿಸುತ್ತಾರೆ. ಮನೆಯ ಸಾಮಾನು ಕಟ್ಟಿಕೊಳ್ಳಲೂ ಬಿಡುವುದಿಲ್ಲ.

ಹೆದರಿಕೆ ಎಂದರೆ ಏನೆಂದು ನಾನು ಕಲಿತದ್ದು ಒಂದು ಸಂಜೆ. ಮನೆಯವರು ಮಗಳನ್ನು ಕರೆದುಕೊಂಡು ಖುಬ್ಬುಸ್ ರೊಟ್ಟಿ ತರಲು ಕೆಳಗೆ ಹೋಗಿದ್ದರು. ನೂರು ಹೆಜ್ಜೆ ದೂರವಿಲ್ಲ. ನಾನು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಪೊಲೀಸ್ ಜೀಪು ಬಂದು ನಿಂತಿತು. ಇಬ್ಬರು ಇಳಿದು, ರೊಟ್ಟಿಯ ಸಾಲಿನಲ್ಲಿ ಹಿಂದಿನಿಂದ ಒಬ್ಬೊಬ್ಬರ ಕಾರ್ಡ್ ಕೇಳುತ್ತ ಬಂದರು. ನನಗೆ ಕೂಗಲೂ ಬರಲಿಲ್ಲ. ಕೂಗಿದರೆ ಅವರಿಗೇ ಕೇಳಿಸುತ್ತದಲ್ಲ. ಮನೆಯವರು ಒಮ್ಮೆ ಆ ಕಡೆ ನೋಡಿದರು, ಮಗಳ ಕೈ ಹಿಡಿದುಕೊಂಡು, ಅವಸರವಿಲ್ಲದೆ ಪಕ್ಕದ ಕಟಿಂಗ್ ಶಾಪಿನೊಳಗೆ ನಡೆದರು. ಹಿಂದಿನ ದಿನವಷ್ಟೇ ಅಲ್ಲಿ ಕಟಿಂಗ್ ಮಾಡಿಸಿದ್ದರು! ಆ ಹೈದರಾಬಾದಿನ ಕ್ಷೌರಿಕ ಒಂದು ಮಾತೂ ಕೇಳಲಿಲ್ಲವಂತೆ. "ಬೈಠಿಯೇ ಭಾಯಿ" ಎಂದು ಕುತ್ತಿಗೆಗೆ ಬಟ್ಟೆ ಕಟ್ಟಿ, ಇಲ್ಲದ ಕೂದಲನ್ನು ಮುಕ್ಕಾಲು ಗಂಟೆ ಕತ್ತರಿಸಿದನಂತೆ. ಜೀಪು ಹೋದ ಮೇಲೆ ಮನೆಗೆ ಬಂದವರನ್ನು ನೋಡಿದರೆ ತಲೆ ಬೋಳು. ಮಗಳು ಬಿದ್ದು ಬಿದ್ದು ನಕ್ಕಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

"ಅಳಬ್ಯಾಡಲೇ, ಏನಾಗಿಲ್ಲಲ್ಲ" ಎಂದರು ಮನೆಯವರು.

"ಇವತ್ತ ಆಗಿಲ್ಲ. ನಾಳೆ?" ಎಂದೆ.

ನಾನು ಇಂಗ್ಲೆಂಡಿಗೆ ಅರ್ಜಿ ಹಾಕಿದ್ದು ಹೀಗೆ. ಅಲ್ಲಿ ನರ್ಸುಗಳು ಬೇಕಾಗಿದ್ದರು. ಗಂಡ, ಮಕ್ಕಳನ್ನೂ ಆಮೇಲೆ ಕರೆಸಿಕೊಳ್ಳಬಹುದಿತ್ತು. ಇಂಗ್ಲಿಷ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಯಿತು. ಕೊನೆಗೊಂದು ಆಸ್ಪತ್ರೆಯಿಂದ ವಿಡಿಯೋ ಸಂದರ್ಶನಕ್ಕೆ ಕರೆ ಬಂತು. ಊರು ಯಾರ್ಕ್‌ಶೈರಿನಲ್ಲಿ. ಹೆಸರನ್ನು ಅಕ್ಷರಕ್ಕೆ ಅಕ್ಷರ ಜೋಡಿಸಿ ಓದಿದರೆ ಕೈಗ್ಲೇ ಎಂದೋ, ಕೀಗ್ಲಿ ಎಂದೋ ಆಗುತ್ತಿತ್ತು. ಎರಡೂ ಅಲ್ಲವೆಂದು ನನ್ನ ಒಳಮನಸ್ಸು ಹೇಳುತ್ತಿತ್ತು. ಮೊಬೈಲಿನಲ್ಲಿ ಹಾಕಿ ಕೇಳಿದರೆ ಒಬ್ಬ ಒಂದು ಬಗೆ ಹೇಳಿದ, ಇನ್ನೊಬ್ಬಳು ಇನ್ನೊಂದು ಬಗೆ. ಸಂದರ್ಶನದ ಮೊದಲ ಮಾತಿಗೇ ಅವರ ಊರಿನ ಹೆಸರು ಕೆಡಿಸಿದರೆ ಯಾರು ಕೆಲಸ ಕೊಡುತ್ತಾರೆ ಎಂದು ನನ್ನ ಹೆದರಿಕೆ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಆ ಹೆಸರನ್ನು ಹತ್ತು ಬಗೆಯಲ್ಲಿ ಹೇಳುತ್ತಿದ್ದೆ.

ನಲ್ಲಿ ಯಾಕೆ ಬಿಡಬೇಕು ಅಂತೀರಾ? ಗಲ್ಫಿನಲ್ಲಿರುವ ನಮ್ಮವರಿಗೆ ಒಂದು ಪದ್ಧತಿಯಿದೆ. ಮುಂದೆ ಹೋಗಲಿರುವ ಊರಿನ ಹೆಸರನ್ನು ವೀಸಾ ಕೈಗೆ ಬರುವ ತನಕ ತುಟಿ ಮೇಲೆ ತರುವುದಿಲ್ಲ. ದೃಷ್ಟಿ ತಾಗುತ್ತದೆ ಎಂಬುದು ಒಂದು. ನಿಜವಾದ ಕಾರಣ ಕಫೀಲ್, ಅಂದರೆ ನಮ್ಮ ಇಕಾಮಾ ಮಾಡಿಸುವ ಮಾಲೀಕ. ನೌಕರಿ ಬಿಡುವವಳಿದ್ದಾಳೆ ಎಂದು ಮಾಲೀಕನ ಕಿವಿಗೆ ಬಿದ್ದರೆ, ಅಲ್ಲಿ ಸಿಗುವ ಮೊದಲೇ ಇಲ್ಲಿಯದು ಖಲಾಸ್. ಹಾಗಾಗಿ ಕೆನಡಾಕ್ಕೆ ಹೊರಟವರು ಊರಿಗೆ ರಜೆ ಎನ್ನುತ್ತಾರೆ, ಆಸ್ಟ್ರೇಲಿಯಾಕ್ಕೆ ಹೊರಟವರು ಅತ್ತೆಗೆ ಹುಷಾರಿಲ್ಲ ಎನ್ನುತ್ತಾರೆ. ಒಂದೇ ತಟ್ಟೆಯಲ್ಲಿ ಉಂಡವರು ಹದಿನೈದು ದಿನ ಬಿಟ್ಟು ಹಿಮದಲ್ಲಿ ನಿಂತ ಫೋಟೋ ಹಾಕಿದಾಗಲೇ ನಮಗೆ ತಿಳಿಯುವುದು. ಯಾರಿಗೂ ಕೋಪ ಬರುವುದಿಲ್ಲ. ನಾವೂ ಹಾಗೇ ಮಾಡುವವರಲ್ಲವೇ. ನಮ್ಮ ಮನೆಯಲ್ಲೂ ಅದು "ಆ ಊರು" ಆಗಿತ್ತು. ಮಗಳು ಸ್ಕೂಲಿನಲ್ಲಿ ಬಾಯಿಬಿಟ್ಟಾಳೆಂದು ಅವಳಿಗೂ ಹೇಳಿರಲಿಲ್ಲ.

ಈಗ ತಮಾಷೆ ಕೇಳಿ. ನಮ್ಮ ಮೇಲಿನ ಮಹಡಿಯಲ್ಲೇ ಇದ್ದ ಸೆವ್ರಿನ್ ಆಂಟಿಯ ಮಗಳು ಇದ್ದದ್ದು ಅದೇ ಊರಿನಲ್ಲಿ. ಆಂಟಿ ಮಂಗಳೂರಿನ ಕೊಂಕಣಿಯವರು, ಗಂಡ ತೀರಿಕೊಂಡಿದ್ದರು, ಐವತ್ತೇಳು ವಯಸ್ಸು. ನಮ್ಮ ಕ್ಲಿನಿಕ್ಕಿನಲ್ಲೇ ಮುದೀರ್‌ನ ಸೆಕ್ರೆಟರಿ. ಮುದೀರ್ ಎಂದರೆ ಮ್ಯಾನೇಜರ್, ಅವನ ಒಂದು ಸಹಿಯ ಮೇಲೆ ನಮ್ಮೆಲ್ಲರ ಅನ್ನ. ಕ್ಲಿನಿಕ್ಕಿನ ಬಸ್ಸಿನಲ್ಲಿ ಬೆಳಿಗ್ಗೆ ಕೂತ ಕೂಡಲೇ ಆಂಟಿ ಮೊಬೈಲ್ ನೋಡಿ, ಯಾರಿಗೆಂದಿಲ್ಲದೆ, "ಕೀತ್ಲಿಯಲ್ಲಿ ಇವತ್ತು ಮಳೆಯಂತೆ ಮಾರಾಯ್ರೆ" ಎನ್ನುತ್ತಿದ್ದರು. ಇನ್ನೊಂದು ದಿನ, "ಕೀತ್ಲಿಯಲ್ಲಿ ಮೂರು ಡಿಗ್ರಿ." ಈ ಕೀತ್ಲಿಯೂ ನನ್ನ ಪತ್ರದಲ್ಲಿದ್ದ ಊರೂ ಒಂದೇ ಎಂದು ನನಗೆ ಗೊತ್ತಾದದ್ದು, ಅವರ ಬಾಗಿಲ ಹತ್ತಿರದ ಹಳೆಯ ಕ್ಯಾಲೆಂಡರಿನಲ್ಲಿ, ಮಗಳ ಊರಿನ ಚಿತ್ರದ ಕೆಳಗೆ, ನನ್ನ ಪತ್ರದಲ್ಲಿದ್ದ ಅದೇ ಅಕ್ಷರಗಳು ಅಚ್ಚಾಗಿದ್ದನ್ನು ನೋಡಿದಾಗ. ಕಲಿಸುವವರು ತಲೆಯ ಮೇಲೆಯೇ ಇದ್ದಾರೆ, ಆದರೆ ಅವರು ಮುದೀರ್‌ನ ಸೆಕ್ರೆಟರಿ!

ಹೇಳದೆ ಕಲಿಯುವುದೆಂದು ತೀರ್ಮಾನಿಸಿದೆ. ಜೋಳದ ರೊಟ್ಟಿ, ಎಣಗಾಯಿ ಮಾಡಿಕೊಂಡು ಮೇಲೆ ಹೋದೆ. ಮಗಳು ಹೇಗಿದ್ದಾಳೆ ಆಂಟಿ, ಎಂಥ ಊರು ಅದು, ಚಳಿಯೇ? ಆಂಟಿಯ ಮುಖ ಅರಳಿತು. "ಊರು ಸಣ್ಣದು ಮಾರಾಯ್ತಿ, ಹಿಂದೆ ಉಣ್ಣೆಯ ಮಿಲ್ಲು ಇದ್ದ ಊರು. ಹೆಸರು ಬರೆಯುವುದೊಂದು, ಹೇಳುವುದೊಂದು. ಹೊಸಬರೆಲ್ಲ ತಪ್ಪು ಹೇಳ್ತಾರೆ. ಕೀತ್-ಲಿ. ಮೊದಲನೆಯದು ಉದ್ದ, ಎರಡನೆಯದನ್ನು ಸಣ್ಣಕ್ಕೆ ಬಿಡ್ಬೇಕು." ನಾನು ಏನೂ ತಿಳಿಯದವಳ ಹಾಗೆ, "ಕೀತ್ಲಿ" ಎಂದೆ. "ಹಾಂ, ಇನ್ನೊಮ್ಮೆ ಹೇಳು" ಎಂದರು. ಅರ್ಥವನ್ನೂ ಹೇಳಿದರು. ಸಾವಿರ ವರ್ಷದ ಹಿಂದೆ ಕೀಹ ಅಂತಲೋ ಏನೋ ಹೆಸರಿನವನೊಬ್ಬ ಕಾಡು ಕಡಿದು ಬಯಲು ಮಾಡಿಕೊಂಡನಂತೆ. ಅವನ ಬಯಲು ಎಂದೇ ಊರಿಗೆ ಹೆಸರಾಯಿತಂತೆ. ನಮ್ಮ ಕಡೆ ಒಬ್ಬನ ಹೆಸರಿಗೆ ಕೊಪ್ಪ ಸೇರಿಸಿದ ಹಾಗೆ. ಆ ಕೀಹನ ಬಗ್ಗೆ ಇನ್ನೇನೂ ಯಾರಿಗೂ ಗೊತ್ತಿಲ್ಲ ಎಂದಾಗ ನನಗೆ ಸಣ್ಣಗೆ ಚಳಿಯಾಯಿತು. ನಾವು ಕಡಿದ ಕಾಡು ಎಲ್ಲಿದೆ, ನಮ್ಮ ಹೆಸರಿನ ಬಯಲು ಎಲ್ಲಿದೆ? ಕುವೈತಿನಲ್ಲಿ ಹದಿನೈದು ವರ್ಷ ದುಡಿದವನ ಕಾರ್ಡ್ ಒಂದು ತಾರೀಖಿಗೆ ಮುಗಿದರೆ ಅವನು ಇಲ್ಲಿ ಇರಲೇ ಇಲ್ಲ ಎಂಬಂತೆ.

ವಾರಕ್ಕೆ ಮೂರು ಸಲ ಮೇಲೆ ಹೋಗತೊಡಗಿದೆ. ಆಂಟಿ ಇನ್ನೂ ಬೇರೆ ಊರುಗಳನ್ನೂ ಹೇಳಿಕೊಟ್ಟರು, ಈ ವೂಸ್ಟರ್ ಅಲ್ಲಿಂದಲೇ ಬಂದದ್ದು. "ತಪ್ಪು ಹೇಳಿದ್ರೆ ಅಲ್ಲಿಯವರು ಬೈಯುದಿಲ್ಲ. ಒಂದು ನಗು ನಗ್ತಾರೆ. ಆ ನಗು ಉಂಟಲ್ಲ, ಅದು ಬೈಗುಳಕ್ಕಿಂತ ಕಷ್ಟ" ಎನ್ನುತ್ತಿದ್ದರು. ಮೆಟ್ಟಿಲಿಳಿದು ಬರುವಾಗ ಪ್ರತಿ ಸಲವೂ ಅನುಮಾನ ಕಾಡುತ್ತಿತ್ತು. ಗೊತ್ತಾಗಿದೆಯೇ? ಕ್ಲಿನಿಕ್ಕಿನಲ್ಲಿ ಆಂಟಿ ಮುದೀರ್‌ನ ಕೋಣೆಗೆ ಫೈಲ್ ಹಿಡಿದು ಹೋದರೆ ಅವರು ಹೊರಗೆ ಬರುವ ತನಕ ನಾನು ಆ ಬಾಗಿಲನ್ನೇ ನೋಡುತ್ತಿದ್ದೆ.

ಸಂದರ್ಶನದ ದಿನ ಬಂತು. ರಜೆ ಹಾಕಿ, ಬೆಡ್‌ರೂಮಿನ ಬಾಗಿಲು ಹಾಕಿ ಕೂತೆ. ಪರದೆಯ ಮೇಲೆ ಇಬ್ಬರು ಹೆಂಗಸರು, ಒಬ್ಬ ಗಂಡಸು. ನಮ್ಮ ಊರಿನ ಬಗ್ಗೆ ಏನು ಗೊತ್ತು ಎಂದು ಕೇಳಿದರು. ಕೀತ್ಲಿ ಎಂದೆ, ಕೀಹನನ್ನೂ ಅವನ ಬಯಲನ್ನೂ ಹೇಳಿದೆ. ಅವರಿಗೆ ಖುಷಿಯಾಯಿತು. ಮಿಕ್ಕದ್ದೆಲ್ಲ ನರ್ಸಿಂಗಿನ ಪ್ರಶ್ನೆಗಳು, ಅದಕ್ಕೆ ನನಗೆ ಭಯವಿಲ್ಲ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಆ ಗಂಡಸು ಶಾಂತವಾಗಿ ಹೇಳಿದ: ಈಗ ಕೆಲಸ ಮಾಡುವ ಜಾಗದಿಂದ ನಿಮ್ಮ ಬಗ್ಗೆ ಒಂದು ರೆಫರೆನ್ಸ್ ಬೇಕು, ಫಾರಮ್ಮನ್ನು ಕ್ಲಿನಿಕ್ಕಿಗೆ ಇವತ್ತೇ ಇಮೇಲ್ ಮಾಡುತ್ತೇವೆ.

ಹೆಸರನ್ನು ಕಲಿಯುವ ಗಡಿಬಿಡಿಯಲ್ಲಿ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಕ್ಲಿನಿಕ್ಕಿಗೆ ಬರುವ ಇಮೇಲನ್ನೆಲ್ಲ ಮೊದಲು ತೆರೆಯುವವರು ಸೆವ್ರಿನ್ ಆಂಟಿ.

ಮರುದಿನ ಬಸ್ಸಿನಲ್ಲಿ ಆಂಟಿ ಇರಲಿಲ್ಲ. ಬೇಗ ಹೋಗಿದ್ದಾರೆ ಎಂದ ಡ್ರೈವರ್. ಗಂಡ, ಮಗಳು ಇಬ್ಬರೂ ಕಾಗದವಿಲ್ಲದವರು. ನನ್ನದೂ ಹೋದರೆ ಮೂವರೂ ಹೋದಂತೆ. ಹತ್ತು ಗಂಟೆಗೆ ಆಂಟಿ ತಮ್ಮ ಕೋಣೆಗೆ ಕರೆಸಿದರು.

"ಬಾಗಿಲು ಹಾಕು" ಎಂದರು. ಮೇಜಿನ ಮೇಲೆ ಪ್ರಿಂಟ್ ತೆಗೆದ ಫಾರಮ್ಮು. "ಇದು ನಿನ್ನೆ ಮಧ್ಯಾಹ್ನ ಬಂದಿದೆ. ಮುದೀರ್ ನೋಡ್ಲಿಲ್ಲ."

"ಆಂಟಿ, ನಾನು ನಿಮಗ ಹೇಳಬೇಕಂತನ ಇದ್ದೆ…"

"ಸುಳ್ಳು ಹೇಳ್ಬೇಡ ಮಾರಾಯ್ತಿ. ಹೇಳ್ತಿರ್ಲಿಲ್ಲ ನೀನು." ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡು ವರ್ಷದಿಂದ ಮೇಲೆ ಕೆಳಗೆ ಇದ್ದೇವೆ. ಒಂದು ದಿನ ನನ್ನ ಮಗಳ ಹೆಸರು ಎಂತ ಅಂತ ಕೇಳಿದವಳಲ್ಲ. ಒಮ್ಮೆಲೇ ರೊಟ್ಟಿ ಹಿಡ್ಕೊಂಡು ಬಂದು ಕೀತ್ಲಿ ಹೇಗುಂಟು ಅಂತ ಕೇಳಿದ್ರೆ ನನಗೆ ಗೊತ್ತಾಗುದಿಲ್ವಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮತ್ತ ಯಾಕ ಹೇಳಿಕೊಟ್ರಿ ಆಂಟಿ?"

"ಕೇಳುವವರು ಬೇರೆ ಯಾರುಂಟು ನನಗೆ?"

ಆಮೇಲೆ ಹೇಳಿದರು. ಮಗಳು ಲವೀನಾ ಅಲ್ಲಿ ತಾನೇ ಒಬ್ಬನನ್ನು ಮೆಚ್ಚಿ, ಇಗರ್ಜಿಯೂ ಪಾದ್ರಿಯೂ ಇಲ್ಲದೆ, ತಾಯಿಗೂ ಹೇಳದೆ ಮದುವೆಯಾಗಿದ್ದಳು. ಫೋನಿನಲ್ಲಿ ಆಂಟಿ, ಇನ್ನು ನನಗೆ ಫೋನ್ ಮಾಡಬೇಡ ಎಂದುಬಿಟ್ಟಿದ್ದರು. "ಬೇಡ ಅಂದೆ. ಅವಳು ಮಾಡ್ಲಿಲ್ಲ. ಸಣ್ಣದಿರುವಾಗಲೂ ಹೇಳಿದ್ದು ಕೇಳುವ ಹುಡುಗಿ ಅದು." ಮೂರು ವರ್ಷವಾಗಿತ್ತು. ಆಗ ನನಗೆ ಹೊಳೆಯಿತು. ಆಂಟಿ ನನಗೆ ಹೇಳಿದ್ದರಲ್ಲಿ ಊರಿನ ಮಳೆ ಇತ್ತು, ಚಳಿ ಇತ್ತು, ಹೆಸರಿನ ಅರ್ಥ ಇತ್ತು. ಮಗಳು ಆಡಿದ ಒಂದು ಮಾತೂ ಇರಲಿಲ್ಲ. ಮಗಳ ಹೆಸರು ಹೇಳಲಾಗದೆ ಅವರು ದಿನಾ ಬಸ್ಸಿನಲ್ಲಿ ಆ ಊರಿನ ಹೆಸರು ಹೇಳುತ್ತಿದ್ದರು.

"ನೀನು ಅಲ್ಲಿಗೆ ಹೋದ್ರೆ ಒಂದು ಸಲ ಅವಳನ್ನು ನೋಡು. ನಾನು ಕಳಿಸಿದ್ದು ಅಂತ ಹೇಳ್ಬೇಡ. ದಪ್ಪ ಆಗಿದ್ದಾಳಾ, ಸಪೂರ ಆಗಿದ್ದಾಳಾ, ಅಷ್ಟು ನೋಡಿ ನನಗೆ ಹೇಳು, ಸಾಕು."

"ಹೇಳ್ತೀನ್ರಿ ಆಂಟಿ. ಆಣಿ ಮಾಡಿ ಹೇಳ್ತೀನಿ."

ಆಂಟಿ ಆ ಫಾರಮ್ಮನ್ನು ಮುದೀರ್‌ಗೆ ತೋರಿಸದೆ ನಮ್ಮ ಈಜಿಪ್ಟಿನ ಹಿರಿಯ ಡಾಕ್ಟರ ಹತ್ತಿರ ಒಯ್ದು ಸಹಿ ಹಾಕಿಸಿ ಕಳಿಸಿದರು. ಆಂಟಿಯ ಇಕಾಮಾವೂ ಅದೇ ಮುದೀರ್‌ನ ಕೈಯಲ್ಲಿತ್ತು. ಗೊತ್ತಾದರೆ ಏನು ಗತಿ ಎಂದು ಕೇಳಿದ್ದಕ್ಕೆ, "ಗೊತ್ತಾದ್ರೆ ಖಲಾಸ್, ಇನ್ನೆಂತ" ಎಂದು ನಕ್ಕರು.

ಕೆಲಸ ಸಿಕ್ಕಿತು. ಪತ್ರ ಬಂತು. ಅದೇ ತಿಂಗಳು ನಮ್ಮವರ ಸಂಸ್ಥೆಯ ಫೈಲೂ ತೆರೆಯಿತು. ಬೇರೆ ಕಂಪನಿಯವರು ಅವರನ್ನು ತೆಗೆದುಕೊಂಡರು, ಅವರಿಗೂ ಮಗಳಿಗೂ ಇಕಾಮಾ ಆಯಿತು. ರಸ್ತೆಯಲ್ಲಿ ಜೀಪು ಕಂಡರೆ ಈಗ ಅವರೇ ಸಲಾಂ ಹೊಡೆಯುವಷ್ಟು ಧೈರ್ಯ. ಅವರ ಹೆದರಿಕೆ ಹೋದದ್ದೇ ತಡ, ನನಗೆ ಹೊಸದು ಹತ್ತಿಕೊಂಡಿತು. ಮೊದಲ ಆರು ತಿಂಗಳು ಒಬ್ಬಳೇ ಇರಬೇಕು. ಅಲ್ಲಿ ಮತ್ತೊಂದು ಪರೀಕ್ಷೆ ಇದೆಯಂತೆ, ಬಿದ್ದರೆ? ಆ ಕತ್ತಲೆ, ಆ ಚಳಿ, ಆ ನಗು? "ಹೋಗೂದಿದ್ರ ಹೋಗು, ನಾ ಅದೀನಿ" ಎಂದರು ಮನೆಯವರು. ನಾನು ಎರಡು ಸಾಲಿನ ಇಮೇಲ್ ಬರೆದು ಬರುವುದಿಲ್ಲ ಎಂದೆ. ಕಾರಣ ಒಂದೇ, ಪುಕ್ಕಲುತನ. ಅದನ್ನು ಬೇರೆ ಹೆಸರಿನಿಂದ ಕರೆಯಲು ಎಂಟು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಆಂಟಿ ಕೇಳಿದರು, "ಯಾವಾಗ ಹೊರಡುದು?"

"ಸಂಬಳ ಭಾಳ ಕಡಿಮಿ ಐತ್ರಿ ಆಂಟಿ, ಬ್ಯಾಡಂತ ಹೇಳಿದೆ."

"ಹೌದಾ" ಎಂದರು. ಆಮೇಲೆ, "ಆಯ್ತು ಬಿಡು" ಎಂದರು. ಮರುದಿನದಿಂದ ಬಸ್ಸಿನಲ್ಲಿ ಕೀತ್ಲಿಯ ಹವಾಮಾನ ಬರಲಿಲ್ಲ. ಬಸ್ಸಿನಲ್ಲಿದ್ದ ಬೇರೆ ಯಾರಿಗೂ ಅದು ಗಮನಕ್ಕೂ ಬಂದಿರಲಿಕ್ಕಿಲ್ಲ. ವರ್ಷದೊಳಗೆ ಆಂಟಿ ಕೆಲಸ ಬಿಟ್ಟು ಮಂಗಳೂರಿಗೆ ಹೊರಟರು. ಬೀಳ್ಕೊಡುವ ಊಟಕ್ಕೆ ನಾನು ಡ್ಯೂಟಿ ಇದೆಯೆಂದು ಹೋಗಲಿಲ್ಲ. ಡ್ಯೂಟಿ ಇರಲಿಲ್ಲ. ಹೀಗೆ ಸುಳ್ಳಿನ ಮೇಲೊಂದು ಸುಳ್ಳು.

ಮೊನ್ನೆ ಸೂಪರ್ ಮಾರ್ಕೆಟ್ಟಿನಿಂದ ಬಂದ ಮೇಲೆ ಮಗಳು ಬಿಡಲಿಲ್ಲ. "ಹೂ ಟೋಲ್ಡ್ ಯೂ?" ಎಂದು ಮತ್ತೆ ಕೇಳಿದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿದೆ. ನನ್ನ ಮಗಳು ನಾಳೆ ನನಗೆ ಹೇಳದೆ ಏನಾದರೂ ಮಾಡಿದರೆ, ನಾನೂ ಫೋನ್ ಮಾಡಬೇಡ ಎಂದುಬಿಟ್ಟರೆ, ಅವಳೂ ಹೇಳಿದ್ದು ಕೇಳುವವಳಾದರೆ? ಎಂದೂ ಹುಟ್ಟದ ಭಯವೊಂದು ಅಲ್ಲೇ ಹುಟ್ಟಿತು. ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. ಕೇಳಿ ಮುಗಿಸಿ, "ಅಮ್ಮಾ, ಯೂ ಕುಡ್ ಹ್ಯಾವ್ ಜಸ್ಟ್ ಮೆಸೇಜ್ಡ್ ಹರ್!" ಎಂದಳು. ಐದು ನಿಮಿಷದಲ್ಲಿ ಫೇಸ್‌ಬುಕ್ಕಿನಲ್ಲಿ ಲವೀನಾಳನ್ನು ಹುಡುಕಿ ನನ್ನ ಮುಂದೆ ಹಿಡಿದಳು. ಎಂಟು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಐದು ನಿಮಿಷದ ಕೆಲಸವಾಗಿತ್ತು! ಇಷ್ಟು ದಿನ ಅದು ನನಗೆ ಹೊಳೆದಿರಲಿಲ್ಲ ಎಂದರೆ ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಬರೆದೆ. ನಾನು ನಿಮ್ಮ ತಾಯಿಯ ಜೊತೆ ಕೆಲಸ ಮಾಡಿದವಳು, ಅವರು ದಿನಾ ನಿಮ್ಮ ಊರಿನ ಹವಾಮಾನ ಹೇಳುತ್ತಿದ್ದರು, ನಿಮ್ಮನ್ನು ನೋಡಿ ಬರುತ್ತೇನೆಂದು ಮಾತು ಕೊಟ್ಟಿದ್ದೆ, ಹೆದರಿ ಬರಲಿಲ್ಲ. ಕಳಿಸಿದ ಮೇಲೆ ಎರಡು ದಿನ ಫೋನ್ ಸದ್ದು ಮಾಡಿದರೆ ಸಾಕು, ಕೆಲಸ ಬಿಟ್ಟು ಓಡಿಹೋಗಿ ನೋಡುತ್ತಿದ್ದೆ. ನೀನು ಯಾರು ಕೇಳಲಿಕ್ಕೆ ಎಂದರೆ? ಉತ್ತರವೇ ಬಾರದಿದ್ದರೆ? ಇವತ್ತು ಮಧ್ಯಾಹ್ನ ಬಂತು. ಒಂದೇ ಸಾಲು, ಕೊಂಕಣಿಯಲ್ಲಿ. ಆಂಟಿಯ ನೆರೆಯಲ್ಲಿದ್ದ ನನಗೆ ಅರ್ಥವಾಗುವಷ್ಟು ಕೊಂಕಣಿ. "ಮಮ್ಮಿ ಕಶಿ ಆಸಾ?" ಅಮ್ಮ ಹೇಗಿದ್ದಾರೆ?

ಅಮ್ಮ ಹೇಗಿದ್ದಾರೆ ಎಂದು ನನಗೇನು ಗೊತ್ತು? ಅಂಜಿಕೊಂಡು ನಾನು ಒಂದು ದಿನ ಕೇಳಿದವಳಲ್ಲ. ಇದ್ದಾರೋ ಇಲ್ಲವೋ ಎಂಬುದೂ ತಿಳಿಯದು. ಆ ಯೋಚನೆ ಬಂದ ಮೇಲೆ ಕೂರಲಾಗಲಿಲ್ಲ. ಆಂಟಿ ಹೋಗುವಾಗ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಕೊಟ್ಟುಹೋಗಿದ್ದ ಮಂಗಳೂರಿನ ನಂಬರ್ ಹುಡುಕಿ ಒತ್ತಿದೆ. ಎರಡು ಸಲ ತಪ್ಪಿತು. ಮೂರನೇ ಸಲ ರಿಂಗಾಯಿತು. ಬಹಳ ಹೊತ್ತು ಆಯಿತು.

"ಯಾರು?" ದನಿ ಸಣ್ಣದಾಗಿತ್ತು. ಆದರೆ ಅದೇ ದನಿ.

"ಆಂಟಿ, ನಾನ್ರಿ. ಕುವೈತಿನಿಂದ, ಕೆಳಗಿನ ಮನಿಯಾಕಿ."

"ಓ, ರೊಟ್ಟಿಯವಳಾ? ಎಂತ ಮಾರಾಯ್ತಿ, ಇಷ್ಟು ವರ್ಷದ ಮೇಲೆ?"

ಸಂಬಳದ ಮಾತು ಸುಳ್ಳಾಗಿತ್ತು, ಹೆದರಿ ಹೋಗಲಿಲ್ಲ ಎಂದು ಹೇಳಿಯೇ ಬೇರೆ ಮಾತೆಂದು ಸಿದ್ಧವಾಗಿ ಕೂತಿದ್ದೆ. ಅದೆಲ್ಲ ಆಮೇಲೆ ಹೇಳಬಹುದು ಅನ್ನಿಸಿತು.

"ಆಂಟಿ, ಕೀತ್ಲಿಯಿಂದ ಕೇಳಾಕತ್ತಾರ, ನೀವು ಹೆಂಗದೀರಿ ಅಂತ."

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.